ಎಡ ಕಾರ್ನರಿನ ಅಣ್ಣ

ಅಷ್ಟು ದೊಡ್ಡ ಅಂಗೈಗಳ ನಡುವೆ ಅಷ್ಟು ಪುಟ್ಟ ಆಟದ ಯಂತ್ರವನ್ನು ನಾನು ಅದುವರೆಗೆ ಕಂಡಿರಲಿಲ್ಲ. ಮಣಿಪಾಲದಲ್ಲಿ ನಮ್ಮ ಆಫೀಸು ಇದ್ದ ಕಟ್ಟಡದ ಕೆಳಗಿನ ಅಂತಸ್ತಿನಲ್ಲಿ ಒಂದು ಜಿಮ್ ಇತ್ತು. ಅದರ ಬಾಗಿಲ ಪಕ್ಕದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಒಬ್ಬರು ಬಲಗಾಲನ್ನು ಉದ್ದಕ್ಕೆ ಚಾಚಿ ಕೂತಿರುತ್ತಿದ್ದರು. ನಲವತ್ತು ದಾಟಿದ ವಯಸ್ಸು, ಬಾಗಿಲ ಚೌಕಟ್ಟು ತುಂಬುವಂಥ ಭುಜ, ಯಾವಾಗಲೋ ಪೆಟ್ಟು ತಿಂದು ಮುದುರಿಕೊಂಡ ಒಂದು ಕಿವಿ. ಹುಡುಗರು ಒಳಗೆ ಭಾರ ಎತ್ತುತ್ತಿದ್ದರೆ ಇವರು ಆ ಯಂತ್ರದ ಗುಂಡಿಗಳನ್ನು ಒತ್ತುತ್ತ, ತಲೆ ಎತ್ತದೆಯೇ, “ಬೆನ್ನು ನೇರ ಮಾಡು ಮಾರಾಯ” ಎನ್ನುತ್ತಿದ್ದರು. ನೋಡದೆ ಅದು ಹೇಗೆ ತಿಳಿಯುತ್ತಿತ್ತೋ, ಒಳಗೆ ಯಾರದೋ ಬೆನ್ನು ನೇರವಾಗುತ್ತಿತ್ತು.

ನಾನಾಗ ಅಲೆವೂರಿನಿಂದ ಸ್ಕೂಟರಿನಲ್ಲಿ ಬಂದು ಮೇಲಿನ ಅಂತಸ್ತಿನಲ್ಲಿ ಚಿತ್ರ ಬರೆಯುತ್ತಿದ್ದೆ. ನಮ್ಮದು ಕಂಪ್ಯೂಟರ್ ಆಟಗಳನ್ನು ಮಾಡುವ ಪುಟ್ಟ ಕಂಪೆನಿ. ಹೊರಗಿನವರ ಆಟಗಳಲ್ಲಿ ತಪ್ಪು ಹುಡುಕಿಕೊಡುವುದು ಹೊಟ್ಟೆಪಾಡು. ನಮ್ಮದೇ ಒಂದು ಆಟ ಮಾಡಬೇಕು ಎನ್ನುವುದು ಕನಸು. ಒಂದು ದಿನ ಮೆಟ್ಟಿಲು ಹತ್ತುವ ಮೊದಲು ನಿಂತು ಅವರ ಯಂತ್ರದೊಳಗೆ ಇಣುಕಿದೆ. ಪರದೆಯ ತುಂಬ ಜಪಾನೀ ಅಕ್ಷರ.

“ನಿಮಗೆ ಜಪಾನೀ ಓದ್ಲಿಕ್ಕೆ ಬರ್ತದಾ?” ಎಂದು ಕೇಳಿದೆ.

“ಒಂದಕ್ಷರ ಬರುದಿಲ್ಲ. ಇವರಲ್ಲಿ ಯಾರು ಎಂತ ಮಾಡ್ತಾರೆ ಅಂತ ಮಾತ್ರ ಗೊತ್ತುಂಟು.”

ಅದು ಜಪಾನಿನ ಹಳೆಯ ರೋಲ್ ಪ್ಲೇಯಿಂಗ್ ಆಟ. ಇಂಥ ಆಟಗಳಲ್ಲಿ ನಾವು ನಾಲ್ಕೈದು ಜನರ ತಂಡ ಕಟ್ಟಿಕೊಂಡು ಊರೂರು ಅಲೆಯುತ್ತೇವೆ, ಎದುರಾದ ರಾಕ್ಷಸರ ಜೊತೆ ಒಬ್ಬರಾದ ಮೇಲೊಬ್ಬರಂತೆ ಕಾದಾಡುತ್ತೇವೆ. ತಂಡದ ಪ್ರತಿಯೊಬ್ಬರಿಗೂ ಒಂದು ಕಸುಬು ಇರುತ್ತದೆ: ಕತ್ತಿಯವನು, ಮಂತ್ರ ಹಾಕುವವನು, ಗಾಯ ಮಾಯಿಸುವವಳು, ಕಳ್ಳ ಹೀಗೆ. ಆಡುವವರು ಅದನ್ನು ಕ್ಲಾಸ್ ಎನ್ನುತ್ತಾರೆ. ಯಾವ ಕ್ಲಾಸು ಎಷ್ಟು ಬಲಶಾಲಿ, ಎಲ್ಲ ಕ್ಲಾಸುಗಳೂ ತಕ್ಕಡಿಯಲ್ಲಿ ಸರಿತೂಗುತ್ತವೆಯೇ ಎಂಬ ಜಗಳ ಈ ಆಟಗಳಷ್ಟೇ ಹಳೆಯದು.

ಇವರಿಗೆ ಆ ಜಗಳ ಗೊತ್ತಿರಲಿಲ್ಲ. ಮೊಣಗಂಟಿನ ಆಪರೇಷನ್ ಆಗಿ ಕಾಪುವಿನ ಮನೆಯಲ್ಲಿ ಮಲಗಿದ್ದಾಗ, ದೋಹಾದಿಂದ ಬಂದ ಭಾವ ಈ ಯಂತ್ರವನ್ನು ಕೈಗಿಟ್ಟು ಹೋಗಿದ್ದರಂತೆ. ಒಳಗಿದ್ದ ಆಟ ಜಪಾನೀ ಭಾಷೆಯದು ಎಂದು ಕೊಟ್ಟವರಿಗೂ ತಿಳಿದಿರಲಿಲ್ಲ. ಅಕ್ಷರ ಓದಲಾಗದೆ ಇವರು ಪಾತ್ರಗಳಿಗೆ ತಾವೇ ಹೆಸರಿಟ್ಟುಕೊಂಡರು. ಬಿಳಿ ನಿಲುವಂಗಿಯವಳು ಸಿಸ್ಟರ್. ಸೊಂಟಕ್ಕೆ ಕುಡಿಕೆಗಳನ್ನು ಕಟ್ಟಿಕೊಂಡು ಎಸೆಯುವವನು ಅಡಿಗೆ ಭಟ್ರು. ಆಟ ಮುಗಿಯುವವರೆಗೂ ಭಟ್ರನ್ನು ತಂಡದಿಂದ ಬಿಡಲಿಲ್ಲವಂತೆ. ಎಷ್ಟೋ ಕಾಲದ ಮೇಲೆ ಇಂಗ್ಲಿಷ್ ಆವೃತ್ತಿ ನೋಡಿದಾಗ ಆತ ಔಷಧಿ ಅರೆಯುವವನು, ಆಟ ಬಲ್ಲವರೆಲ್ಲ ಮೂಗು ಮುರಿಯುವ ಕ್ಲಾಸು ಎಂದು ತಿಳಿಯಿತು.

“ಮೂಗು ಮುರೀಲಿ. ಮೂವರು ಬಿದ್ದಾಗ ಎಬ್ಬಿಸಿದ್ದು ಯಾರು? ಭಟ್ರೇ ಅಲ್ವಾ?”

ಈ ಮಾತನ್ನು ನಾನು ಮೇಲೆ ಹೋಗಿ ನಮ್ಮ ಮುಖ್ಯಸ್ಥ ಸುದೇಶನಿಗೆ ಹೇಳಿದೆ. ಅವನು ಲೆಕ್ಕದ ಮನುಷ್ಯ, ತೆಳ್ಳಗೆ, ಯಾವಾಗಲೂ ಅರ್ಧ ಕುಡಿದ ಚಹಾ ಪಕ್ಕಕ್ಕಿಟ್ಟು ಮರೆಯುವವನು. ನಮ್ಮ ಕನಸಿನ ಆಟದ ಕ್ಲಾಸುಗಳನ್ನು ತೂಗಿಸುವುದು ಅವನ ಕೆಲಸವಾಗಿತ್ತು. ಎಲ್ಲ ಕೇಳಿ, “ಹೆಸರೇ ಓದದೆ ಆಡಿದವರಾ? ಅಂಥವರು ನಮಗೆ ಬೇಕಲ್ಲ” ಎಂದ. ಮುಂದಿನ ತಿಂಗಳಿಂದ ಅವರು ಮೇಲಿನ ಅಂತಸ್ತಿನಲ್ಲಿ ಕೂತರು. ಕೆಲಸ ಆಟ ಆಡಿ ನೋಡುವುದು. ನಾನು, ಸುದೇಶ, ಪ್ರೋಗ್ರಾಂ ಬರೆಯುವ ಕಾರ್ಕಳದ ಲವೀನಾ ಎಲ್ಲರೂ ಅವರನ್ನು ಅಣ್ಣ ಎಂದೇ ಕರೆದೆವು. ಅವರಿಗೆ ನಾನು ಮೊದಮೊದಲು ಮೇಡಂ, ಆಮೇಲೆ ಮಾರಾಯ್ತಿ.

ಸಿಟ್ಟು ಬಂದರೆ ಅಣ್ಣ ಮಾತು ಬಿಡುತ್ತಿದ್ದರು. ಆಟದಲ್ಲಿ ಸೋತರೆ ಊಟದ ಹೊತ್ತಿನವರೆಗೂ ಮೌನ. ಲವೀನಾ ತಂದ ಮೀನಿನ ಸಾರಿನ ಡಬ್ಬಿ ತೆರೆದ ಮೇಲೆಯೇ ಆ ಮೌನ ಮುರಿಯುತ್ತಿತ್ತು. ಹೊಗಳಿಕೆ ಅವರ ಬಾಯಲ್ಲಿ ಬರುತ್ತಿದ್ದುದು ಅಪರೂಪ. ನಾನು ಬರೆದ ಚಿತ್ರ ಚೆನ್ನಾಗಿದ್ದರೆ “ಇವನು ನಿಲ್ಲುವ ರೀತಿ ಸರಿ ಉಂಟು” ಎನ್ನುತ್ತಿದ್ದರು, ಅಷ್ಟೇ. ಇನ್ನೊಂದನ್ನು ನಾನು ಗಮನಿಸಿದ್ದೆ. ಕೆಳಗಿನ ಹೋಟೆಲಿನ ಟಿವಿಯಲ್ಲಿ ಕಬಡ್ಡಿ ಬಂದರೆ ಅವರು ಕುರ್ಚಿ ತಿರುಗಿಸಿ ಗೋಡೆಗೆ ಮುಖ ಮಾಡಿ ಕೂರುತ್ತಿದ್ದರು. ಆ ಕಿವಿ, ಆ ಭುಜ ನೋಡಿ ಆಡಿದವರೇ ಇರಬೇಕು ಎಂದುಕೊಂಡಿದ್ದೆ. ಕೇಳಲು ಧೈರ್ಯ ಬಂದಿರಲಿಲ್ಲ.

ಜಪಾನಿನ ಆಟಗಳ ತೂಕದ ಬಗ್ಗೆ ಅವರಿಗೂ ಸುದೇಶನಿಗೂ ದಿನಾ ವಾದ. ಸುದೇಶನ ಪ್ರಕಾರ ಆ ಆಟಗಳು ತೂಕದಲ್ಲಿ ದುರ್ಬಲ. ಶುರುವಿನಲ್ಲಿ ಕತ್ತಿಯವನದ್ದೇ ಕಾರುಬಾರು, ಕೊನೆಯಲ್ಲಿ ಮಂತ್ರವಾದಿಯದ್ದು. ಒಬ್ಬನಿಗೇ ಎರಡು ಕಸುಬು ಕಲಿಸಲು ಬಿಟ್ಟರಂತೂ ಯಾವುದೋ ಒಂದು ಜೋಡಿ ಇಡೀ ಆಟವನ್ನು ನುಂಗಿಹಾಕುತ್ತದೆ.

“ಅವರು ಸಮ ಮಾಡ್ಲಿಕ್ಕೆ ಹೋಗಿಲ್ಲ ಸುದೇಶ್, ಸರದಿ ಮಾಡಿದ್ದಾರೆ. ಮದುವೆ ಮನೆಯಲ್ಲಿ ಅಡಿಗೆಯವರಿಗೆ ಬೆಳಿಗ್ಗೆ ಕೆಲಸ, ಬಡಿಸುವವರಿಗೆ ಮಧ್ಯಾಹ್ನ. ಯಾರು ದೊಡ್ಡವರು ಅಂತ ಕೇಳ್ತಾರಾ?”

“ಹಾಗಾದ್ರೆ ಎಲ್ಲ ಸರಿಯಾಗಿಯೇ ಉಂಟಾ?”

ಅಣ್ಣ, “ಇಲ್ಲ. ಗುರಾಣಿ ಹಿಡಿದವನಿಗೆ ಸರದಿಯೇ ಬರುದಿಲ್ಲ. ಹೊಡೆದು ಬೇಗ ಮುಗಿಸಿದರೆ ಕಾಯುವವನು ಎಂತಕ್ಕೆ? ಹೆಚ್ಚಿನ ಆಟದಲ್ಲಿ ಅವನು ಸುಮ್ಮನೆ ಭಾರ” ಎಂದರು.

ನಮ್ಮ ಆಟದಲ್ಲೂ ಆದದ್ದು ಅದೇ. ಆರು ಕ್ಲಾಸುಗಳಲ್ಲಿ ಒಬ್ಬಳು ಗುರಾಣಿಯವಳು. ಒಡೆದ ದೋಣಿಯ ಹಲಗೆಯಿಂದ ಗುರಾಣಿ ಮಾಡಿಕೊಂಡ ಗಟ್ಟಿಮುಟ್ಟಾದ ಹೆಂಗಸು. ಆರರಲ್ಲಿ ನಾನು ಅತ್ಯಂತ ಆಸೆಯಿಂದ ಬರೆದವಳು ಅವಳೇ. ಆದರೆ ಆಡಿ ನೋಡಿದವರೆಲ್ಲ ಮೊದಲ ಊರು ದಾಟುತ್ತಿದ್ದ ಹಾಗೆ ಅವಳನ್ನು ತಂಡದಿಂದ ಬಿಟ್ಟುಬಿಡುತ್ತಿದ್ದರು. ಅದೇ ಹೊತ್ತಿಗೆ ಆಟವನ್ನು ಹೊರತರಲು ಒಂದು ಪ್ರಕಾಶನ ಸಂಸ್ಥೆ ಒಪ್ಪುವ ಲಕ್ಷಣ ಕಂಡಿತು. ಅವರಿಗೆ ಮಳೆಗಾಲಕ್ಕೆ ಮೊದಲು ಮಾದರಿ ತೋರಿಸಬೇಕಿತ್ತು. ಅವರು ಒಪ್ಪದಿದ್ದರೆ ಕಂಪೆನಿ ಮುಚ್ಚಬೇಕಾದೀತು ಎನ್ನುವುದು ನಮಗೆಲ್ಲ ಗೊತ್ತಿತ್ತು.

ಸುದೇಶ ನಮ್ಮನ್ನೆಲ್ಲ ಕೂರಿಸಿ ನಿಧಾನವಾಗಿ ಹೇಳಿದ: “ಗುರಾಣಿಯವಳನ್ನು ತೆಗೆದುಬಿಡುವ. ಯಾರೂ ಅವಳನ್ನು ಆಡುದಿಲ್ಲ. ಐದು ಜನರನ್ನೇ ಚಂದ ಮಾಡಿ ತೋರಿಸುವ.”

ನಾನು ಗುರಾಣಿಯವಳ ಚಿತ್ರದ ಹಾಳೆಯನ್ನು ನನ್ನ ಕಡೆಗೆ ಎಳೆದುಕೊಂಡೆ. ಆದರೂ ಅವನ ಮಾತಿನಲ್ಲಿ ತಪ್ಪು ಕಾಣಲಿಲ್ಲ. ಅಣ್ಣ ಎದ್ದರು. ಬಲಗಾಲು ಎಳೆಯುತ್ತ ಬಾಗಿಲು ದಾಟಿ ಮೆಟ್ಟಿಲಿಳಿದು ಹೋದರು.

ಹಿಂದೆಯೇ ಹೋಗಿ ನೋಡಿದರೆ ಹೋಟೆಲಿನ ಮೂಲೆಯಲ್ಲಿ ಕೂತಿದ್ದರು. ನಾನು ಕೇಳದೆಯೇ ಹೇಳತೊಡಗಿದರು. ಅವರು ಎಡ ಕಾರ್ನರ್ ಆಗಿದ್ದರು. ಕಬಡ್ಡಿಯಲ್ಲಿ ಎದುರು ತಂಡದ ರೈಡರ್ ಒಳಗೆ ಬಂದಾಗ ತುದಿಯಲ್ಲಿ ಬಾಗಿ ನಿಂತು ಅವನ ಕಾಲಿಗೆ ಕಾಯುವವರು. ಕಾಪುವಿನ ತಂಡದಿಂದ ಜಿಲ್ಲೆಗೆ, ಅಲ್ಲಿಂದ ಇನ್ನೂ ಮೇಲೆ ಹೋಗುವ ಹೊತ್ತಿನಲ್ಲಿ ಒಂದು ಪಂದ್ಯದಲ್ಲಿ ಮೂವರು ಅವರ ಬಲ ಮೊಣಗಂಟಿನ ಮೇಲೆ ಬಿದ್ದರು. ಅದೇ ಪಂದ್ಯದಲ್ಲಿ ಅವರ ತಂಡದ ರೈಡರಿಗೂ ಭುಜ ಜಾರಿತ್ತು.

“ಅವನಿಗೋಸ್ಕರ ಇಡೀ ವರ್ಷ ಕಾದ್ರು. ಮನೆಗೆ ಬಂದು ನೋಡ್ತಿದ್ರು, ಹಣ್ಣು ತರ್ತಿದ್ರು. ನನ್ನ ಜಾಗಕ್ಕೆ ಮುಂದಿನ ವಾರವೇ ಬೇರೆಯವನು. ನನಗೆ ಆ ರೈಡರಿನ ಮೇಲೆ ಹೊಟ್ಟೆಕಿಚ್ಚಿಲ್ಲ, ಒಳ್ಳೆಯ ಹುಡುಗ. ಆದ್ರೆ ನಾನು ಇಲ್ಲದ್ದು ಯಾರಿಗೂ ಗೊತ್ತೇ ಆಗ್ಲಿಲ್ಲ ಮಾರಾಯ್ತಿ.” ಚಹಾ ಮುಗಿಸಿ ಲೋಟ ಕೆಳಗಿಟ್ಟರು. “ಆಮೇಲೆ ಅಂಕಣಕ್ಕೆ ಕಾಲಿಡ್ಲಿಲ್ಲ.”

ಮರುದಿನ ಅವರು ಸುದೇಶನ ಮೇಜಿನ ಮುಂದೆ ನಿಂತು, ತಮ್ಮ ಕಾರ್ನರಿನ ಕಥೆಯನ್ನು ಅವನಿಗೂ ಹೇಳಿ, ಗುರಾಣಿಯವಳನ್ನು ಸರಿಮಾಡಲು ಸ್ವಲ್ಪ ಸಮಯ ಕೊಡಿ ಎಂದು ಕೇಳಿದರು. ಸುದೇಶ ಕ್ಯಾಲೆಂಡರಿನ ಕಡೆ ನೋಡಿ, ಹಣೆ ತಿಕ್ಕಿಕೊಂಡು, ಒಪ್ಪಿದ.

ಮೊದಲ ಪ್ರಯತ್ನದಲ್ಲಿ ಅಣ್ಣ ತಮ್ಮ ಮನಸ್ಸಿನ ಕಿಚ್ಚನ್ನೆಲ್ಲ ಅವಳಿಗೆ ತುಂಬಿಬಿಟ್ಟರು. ಅವಳಿಗೆ ಪೆಟ್ಟೇ ತಾಗುವುದಿಲ್ಲ. ಬಂದ ಪೆಟ್ಟು ಎರಡರಷ್ಟಾಗಿ ಹೊಡೆದವನಿಗೇ ವಾಪಸ್ಸು. ನಾವೆಲ್ಲ ಆಡಿ ಗೆದ್ದು ಚಪ್ಪಾಳೆ ತಟ್ಟಿದೆವು. ಸುದೇಶ ಮಾತ್ರ ಕಂಪ್ಯೂಟರಿಗೆ ತನ್ನಷ್ಟಕ್ಕೆ ಕಾದಾಡುವ ಕೆಲಸ ಹಚ್ಚಿ, ಸಂಜೆ ಫಲಿತಾಂಶ ತೋರಿಸಿದ. ನಾಲ್ವರು ಗುರಾಣಿಯವರನ್ನೇ ತಂಡ ಮಾಡಿ ಕಳಿಸಿದರೆ ಅವರು ಕೊನೆಯ ರಾಕ್ಷಸನ ಎದುರು ಕೈಕಟ್ಟಿ ನಿಲ್ಲುತ್ತಿದ್ದರು. ರಾಕ್ಷಸ ಹೊಡೆದೂ ಹೊಡೆದೂ ತಾನೇ ಸಾಯುತ್ತಿದ್ದ.

“ಅಣ್ಣ, ಈಗ ಉಳಿದ ಐದು ಜನರಿಗೆ ಎಂತ ಕೆಲಸ?” ಎಂದು ಸುದೇಶ ಕೇಳಿದ.

ಅಣ್ಣ ಪರದೆಯನ್ನೇ ನೋಡುತ್ತ ನಿಂತರು. ಮಾತು ಬಿಡುತ್ತಾರೆ ಎಂದು ನಾವು ಅಂದುಕೊಂಡೆವು. ಅವರು ಜೋರಾಗಿ ನಕ್ಕರು. “ಸರಿ ಹೇಳಿದ್ರಿ. ನನಗಾದ ಅನ್ಯಾಯವನ್ನು ಆ ಐದು ಜನಕ್ಕೆ ಹಂಚಿದ್ದೇನೆ.”

“ಹಾಗಾದ್ರೆ ಕಾರ್ನರ್ ಅಂದ್ರೆ ನಿಜವಾಗಿ ಎಂತ ಮಾಡುದು? ನನಗೆ ಗೊತ್ತಿಲ್ಲ. ತೋರಿಸಿ” ಎಂದ ಸುದೇಶ. ಅವನು ತಮಾಷೆಗೆ ಕೇಳಿರಲಿಲ್ಲ.

ಹೀಗೆ ಅಂದು ಸಂಜೆ ನಾವೆಲ್ಲ ತಾರಸಿಗೆ ಹೋದೆವು. ಬಿಸಿಲು ಇಳಿದಿತ್ತು, ಪಶ್ಚಿಮಕ್ಕೆ ತೆಂಗಿನ ತಲೆಗಳ ಆಚೆ ಸಮುದ್ರದ ತೆಳು ಗೆರೆ. ಅಣ್ಣ ಹೆಂಚಿನ ತುಂಡಿನಿಂದ ನೆಲದ ಮೇಲೆ ಗೀಟು ಹಾಕಿದರು. ಲವೀನಾ ಶಾಲೆಯಲ್ಲಿ ಆಡಿದವಳಾದ್ದರಿಂದ ಅವಳು ರೈಡರ್. ಸುದೇಶ ಎಡ ಕಾರ್ನರ್. ನಾನೂ ಆಫೀಸಿನ ಉಳಿದವರೂ ಒಬ್ಬರ ಕೈ ಒಬ್ಬರು ಹಿಡಿದು ಸರಪಳಿಯಾದೆವು.

ಲವೀನಾ ಕಬಡ್ಡಿ ಕಬಡ್ಡಿ ಎನ್ನುತ್ತ ಬಂದಳು. ಸುದೇಶ ಒಬ್ಬನೇ ಅವಳ ಮೇಲೆ ನುಗ್ಗಿದ, ಅವಳು ಪಕ್ಕಕ್ಕೆ ಸರಿದಳು, ಅವನು ನೀರಿನ ಟ್ಯಾಂಕಿಗೆ ಹೋಗಿ ಆತುಕೊಂಡ.

“ಔಟ್ ಮಾಡ್ಲಿಕ್ಕೆ ಹೋಗ್ಬೇಡಿ!” ಅಣ್ಣ ಕೂಗಿದರು. “ನಿಲ್ಸಿ. ನಿಲ್ಸಿದ್ರೆ ನಿಮ್ಮ ಕೆಲಸ ಆಯ್ತು. ಉಳಿದದ್ದು ಉಳಿದವರದ್ದು. ಹೀಗೆ ಬಗ್ಗಿ...” ಎಂದು ಹೇಗೆ ನಿಲ್ಲಬೇಕೆಂದು ತೋರಿಸಲು ತಾವೇ ಬಗ್ಗಿದರು. ಎರಡು ಕೈಯೂ ಮುಂದೆ, ಇಡೀ ಭಾರ ಪಾದದ ಮುಂಭಾಗದಲ್ಲಿ. ಬಲಗಾಲಿನ ಮೇಲೂ ಭಾರ ಬಿದ್ದಿದೆ ಎಂದು ಅವರಿಗೆ ತಡವಾಗಿ ಗೊತ್ತಾಗಿರಬೇಕು. ಮಾತು ನಿಲ್ಲಿಸಿದರು. ಏಳಲಿಲ್ಲ. ಒಂದಿಷ್ಟು ಹೊತ್ತು ಹಾಗೆಯೇ ಬಗ್ಗಿ, ಎದುರಿಗೆ ಇಲ್ಲದ ಯಾರದೋ ಕಾಲನ್ನು ನೋಡುತ್ತ ಇದ್ದರು.

ಮುಂದಿನ ಸಲ ಸುದೇಶ ಕಾದ. ಲವೀನಾ ಹತ್ತಿರ ಬಂದಾಗ ನೆಲಕ್ಕೆ ಜಾರಿ ಅವಳ ಪಾದ ಹಿಡಿದ. ಅವನ ಕೈಯಲ್ಲಿ ಅಂಥ ಬಲವೇನೂ ಇರಲಿಲ್ಲ. ಅವಳು ಒಮ್ಮೆ ಒದ್ದಿದ್ದರೆ ಬಿಡುತ್ತಿತ್ತು. ಆದರೆ ಅವಳು ತಡವರಿಸಿದ ಆ ಗಳಿಗೆಯಲ್ಲಿ ನಮ್ಮ ಸರಪಳಿ ಮುಚ್ಚಿಕೊಂಡಿತು. “ಬಿಡಿ ಮಾರ್ರೆ, ಚಪ್ಪಲಿ ಹೋಯ್ತು!” ಎಂದು ಲವೀನಾ ಕಿರುಚಿದಳು.

ಸುದೇಶ ತರಚಿದ ಮೊಣಕೈ ಉಜ್ಜಿಕೊಳ್ಳುತ್ತ ನೆಲದ ಮೇಲೇ ಕೂತಿದ್ದ. “ಅಂದ್ರೆ ನಮ್ಮ ಗುರಾಣಿಯವಳಿಗೆ ಹೊಡೆಯುವ ಬಲವೂ ಬೇಡ, ಪೆಟ್ಟು ತಡೆಯುವ ಬಲವೂ ಬೇಡ. ಶತ್ರುವನ್ನು ಒಂದು ಸರದಿ ನಿಲ್ಲಿಸುವ ಬಲ ಬೇಕು. ಆಗ ಮಂತ್ರವಾದಿಗೆ ಉದ್ದದ ಮಂತ್ರ ಹೇಳಿ ಮುಗಿಸ್ಲಿಕ್ಕೆ ಪುರುಸೊತ್ತು ಸಿಗ್ತದೆ. ಕಳ್ಳನ ಕೈ ತಪ್ಪುದಿಲ್ಲ.”

“ಒಬ್ಬಳೇ ಇದ್ದರೆ?” ಎಂದು ನಾನು ಕೇಳಿದೆ.

“ಒಬ್ಬಳೇ ಇದ್ದರೆ ಎಂತದೂ ಇಲ್ಲ” ಎಂದರು ಅಣ್ಣ. “ಕಾರ್ನರ್ ಒಬ್ಬನೇ ಗೆಲ್ಲುದಿಲ್ಲ.”

ಅದನ್ನು ಸುದೇಶ ಅಂಕಿಗಳಿಗೆ ಇಳಿಸಿದ, ಲವೀನಾ ಪ್ರೋಗ್ರಾಂ ಬರೆದಳು, ನಾನು ಗುರಾಣಿಯವಳ ಚಿತ್ರವನ್ನು ಬದಲಿಸಿದೆ. ನನ್ನ ಹಳೆಯ ಚಿತ್ರದಲ್ಲಿ ಅವಳು ಕೋಟೆಯ ಗೋಡೆಯ ಹಾಗೆ ನೆಟ್ಟಗೆ ನಿಂತಿದ್ದಳು. ಈಗ ತುಸು ಬಗ್ಗಿ ನಿಂತಳು, ಭಾರ ಪಾದದ ಮುಂಭಾಗದಲ್ಲಿ. ಅಣ್ಣ ಅದನ್ನು ತುಂಬ ಹೊತ್ತು ನೋಡಿದರು.

ಮಾದರಿಯನ್ನು ಕಳಿಸುವ ಮೊದಲು ಆದಿ ಉಡುಪಿಯ ಒಂದು ಸಣ್ಣ ಸಭಾಂಗಣದಲ್ಲಿ ಹತ್ತಾರು ಜನರನ್ನು ಕರೆದು ಆಡಿಸಿದೆವು. ಯಾರಿಗೂ ಯಾವ ಕ್ಲಾಸಿನ ಬಗ್ಗೆಯೂ ವಿವರಿಸಬಾರದು ಎಂದು ಅಣ್ಣನ ಷರತ್ತು. ಹೆಚ್ಚಿನವರು ಎಂದಿನಂತೆ ಕತ್ತಿಯವನನ್ನೇ ಆರಿಸಿಕೊಂಡರು. ಕಿಟಕಿಯ ಬಳಿ ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ಕೆಲಸ ಮಾಡುವ ಒಬ್ಬ ಹೆಂಗಸು ಕೂತಿದ್ದರು. ಅವರ ತಂಡದಲ್ಲಿ ಗುರಾಣಿಯವಳು ಇದ್ದಳು. ಮೊದಲ ಊರು ದಾಟಿತು, ಎರಡನೆಯದೂ ದಾಟಿತು. ಅವರು ಅವಳನ್ನು ಬಿಡಲಿಲ್ಲ. ಅಣ್ಣ ಅವರ ಹಿಂದೆ ಸ್ವಲ್ಪ ದೂರದಲ್ಲಿ, ನೋಡದವರ ಹಾಗೆ ನಿಂತಿದ್ದರು. ಕೊನೆಯ ಕಾಳಗದಲ್ಲಿ ರಾಕ್ಷಸ ಗುರಾಣಿಯವಳನ್ನೇ ಬೀಳಿಸಿದ. ಆ ಹೆಂಗಸು ತಲೆಗೆ ಕೈಯಿಟ್ಟು ಇಡೀ ಸಭಾಂಗಣಕ್ಕೆ ಕೇಳುವ ಹಾಗೆ ಕೂಗಿದರು: “ಅಯ್ಯೋ, ಇವಳು ಹೋದ್ರೆ ಇನ್ನು ಎಂತ ಮಾಡುದು!”

ಅಣ್ಣ ಹೊರಗೆ ಜಗಲಿಗೆ ನಡೆದರು. ನಾನು ಹೋದಾಗ ಮುಖ ತೊಳೆದುಕೊಳ್ಳುತ್ತಿದ್ದರು. “ಕೇಳಿದ್ರಾ?” ಎಂದರು. ಕೇಳಿದೆ ಎಂದೆ. ಮತ್ತೊಮ್ಮೆ ನೀರು ಹಾಕಿಕೊಂಡರು. ಆಮೇಲೆ ಸುದೇಶ ಬಂದು ಅವರ ಪಕ್ಕ ನಿಂತ. ಮೂವರೂ ಮಾರುಕಟ್ಟೆಯ ಕಡೆಯಿಂದ ಬರುತ್ತಿದ್ದ ಲಾರಿಗಳನ್ನು ನೋಡುತ್ತ ನಿಂತೆವು.

ಪ್ರಕಾಶನ ಸಂಸ್ಥೆ ಒಪ್ಪಿತು. ಆಟ ಹೊರಬಂತು. ಲೋಕವೇನೂ ತಿರುಗಿ ನೋಡಲಿಲ್ಲ, ಆದರೆ ನಮ್ಮ ಕಂಪೆನಿ ಉಳಿಯಿತು, ಎಲ್ಲೆಲ್ಲಿಯದೋ ಜನ ಆಡಿದರು. ಕೆಲವೇ ವಾರಗಳಲ್ಲಿ ಆಡಿದವರ ದೂರು ಬರತೊಡಗಿತು: ಗುರಾಣಿಯವಳು ಬಹಳ ಚೆನ್ನಾಗಿದ್ದಾಳೆ, ಆದರೆ ಬಿಲ್ಲುಗಾರ ಯಾಕೆ ಇದ್ದಾನೆ ಎಂದೇ ಗೊತ್ತಾಗುವುದಿಲ್ಲ. ಸುದೇಶ ತಲೆ ಚಚ್ಚಿಕೊಂಡ. ಅಣ್ಣನಿಗೆ ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು. “ಬಿಲ್ಲುಗಾರನ ಪರವಾಗಿ ಯಾರು ಸಿಟ್ಟು ಮಾಡ್ಕೊಳ್ತೀರಿ ಹೇಳಿ. ಒಬ್ಬರಾದ್ರೂ ಬೇಕು. ಇಲ್ಲದಿದ್ರೆ ಅದು ಸರಿಯಾಗುದಿಲ್ಲ.” ಲವೀನಾ ಕೈ ಎತ್ತಿದಳು. ಆ ಕೆಲಸ ಅವಳದಾಯಿತು.

ಈ ನಡುವೆ ಅಣ್ಣ ಸಂಜೆ ಬೇಗ ಹೊರಡತೊಡಗಿದ್ದರು. ಕಾಪುವಿನಲ್ಲಿ ಹುಡುಗರು ಕಬಡ್ಡಿ ಅಭ್ಯಾಸ ಮಾಡುವ ಬಯಲಿಗೆ ಹೋಗುತ್ತಿದ್ದಾರೆ ಎಂದು ಅವರ ಹೆಂಡತಿ ಫೋನಿನಲ್ಲಿ ನನಗೆ ಹೇಳಿದರು. “ಮೊದಲು ರಸ್ತೆಯಲ್ಲಿ ನಿಂತು ನೋಡ್ತಿದ್ರು. ಈಗ ಗೀಟಿನ ಹತ್ತಿರ ಕೂರ್ತಾರೆ. ಮನೆಗೆ ಬಂದು ಮಾತಾಡ್ತಾರೆ ಮಾರಾಯ್ತಿ, ಊಟ ಆಗುವವರೆಗೆ ಮಾತೇ ಮಾತು” ಎಂದರು.

ಆಮೇಲೆ ಒಂದು ದಿನ ಕಾರ್ಕಳದ ಕಾಲೇಜೊಂದರಿಂದ ಕರೆ ಬಂತು. ಹುಡುಗಿಯರ ಕಬಡ್ಡಿ ತಂಡಕ್ಕೆ ತರಬೇತಿ ಕೊಡಬೇಕಂತೆ. ಅಣ್ಣ ಶಾಲೆಯ ಮಗು ರಜೆ ಕೇಳುವ ಹಾಗೆ ನಮ್ಮ ಮೂವರ ಮುಂದೆ ಬಂದು ನಿಂತರು. “ಮೊಣಗಂಟು ಆಡ್ಲಿಕ್ಕೆ ಬಿಡುದಿಲ್ಲ. ಕಲಿಸ್ಲಿಕ್ಕೆ ಬಿಡ್ತದಂತೆ. ಡಾಕ್ಟರ ಹತ್ತಿರ ಕೇಳಿ ಬಂದೆ.”

“ಹೋಗಿ ಅಣ್ಣ” ಎಂದ ಸುದೇಶ. ಹೇಳಿದ ಮೇಲೆ ಅವನು ತನ್ನ ಚಹಾದ ಲೋಟವನ್ನು ಎತ್ತಿ, ಅದು ಖಾಲಿ ಎಂದು ಗೊತ್ತಿದ್ದೂ, ಕುಡಿಯುವವನ ಹಾಗೆ ಮಾಡಿದ.

ಅವರು ಹೋಗಿ ಈಗ ಎರಡನೆಯ ವರ್ಷ. ನಮ್ಮ ಮುಂದಿನ ಆಟದ ಕ್ಲಾಸುಗಳ ಬಗ್ಗೆ ಫೋನಿನಲ್ಲಿ ಜಗಳ ನಡೆದೇ ಇದೆ. ಕಳೆದ ತಿಂಗಳು ಅವರ ತಂಡದ ಪಂದ್ಯ ನೋಡಲು ನಾನು ಮತ್ತು ಲವೀನಾ ಕಾರ್ಕಳಕ್ಕೆ ಹೋಗಿದ್ದೆವು. ಎದುರಾಳಿಗಳು ಹೆಬ್ರಿಯ ಹುಡುಗಿಯರು. ಅಣ್ಣನ ತಂಡ ಕೂದಲೆಳೆಯಲ್ಲಿ ಗೆದ್ದಿತು. ಆಮೇಲೆ ಎಲ್ಲರನ್ನೂ ಬಸ್ ನಿಲ್ದಾಣದ ಹತ್ತಿರದ ಹೋಟೆಲಿಗೆ ಕರೆದೊಯ್ದು ಗೋಳಿಬಜೆ ಹೇಳಿದರು. ತಟ್ಟೆಗಳು ಬರುವ ಮೊದಲೇ ಮೇಜಿನ ಆ ತುದಿಯಲ್ಲಿ ಇಬ್ಬರು ಹುಡುಗಿಯರ ಜಗಳ ಶುರುವಾಗಿತ್ತು.

“ಸರ್, ಮುಂದಿನ ಮ್ಯಾಚಿಗೆ ನಾನು ಎಡ ಕಾರ್ನರ್!”

“ಅದು ಹೇಗೆ? ಇವತ್ತು ಕೊನೆಗೆ ಹಿಡಿದದ್ದು ನಾನು. ನಾನು ಬಿಟ್ಟು ಕೊಡುದಿಲ್ಲ.”

“ಸರ್, ನನಗೆ ಒಂದು ಸಲವೂ ಕೊಡ್ಲಿಲ್ಲ” ಎಂದು ಮೂರನೆಯವಳ ದನಿಯೂ ಸೇರಿತು. ಅವಳು ಅಂದು ರೈಡ್ ಮಾಡಿ ಎಲ್ಲರಿಗಿಂತ ಹೆಚ್ಚು ಅಂಕ ತಂದವಳು.

ಅಣ್ಣ ನಮ್ಮ ಕಡೆ ತಿರುಗಿ ಎರಡೂ ಕೈಗಳನ್ನು ಮೇಲಕ್ಕೆತ್ತಿದರು. ಮುಖ ತುಂಬ ನಗು, ಬಾಯಲ್ಲಿ ಮಾತ್ರ ದೂರು.

“ನೋಡಿ ಅವಸ್ಥೆ! ಈಗ ನನಗೆ ರೈಡ್ ಮಾಡ್ಲಿಕ್ಕೆ ಜನ ಸಿಕ್ಕುದಿಲ್ಲ ಮಾರಾಯ್ತಿ!”